ಕರೆ ಬಾರದ ದಿನಗಳ ಲೆಕ್ಕ

ಮೋತಿಗುಡ್ಡ, ಚಿಂಚೋಳಿ ತಾಲ್ಲೂಕು
12 ಏಪ್ರಿಲ್ 2024

ಪ್ರೀತಿಯ ಜಬೀನಾ,

ನಿನ್ನೆ ಈದ್ ಆಯಿತು. ಶಹಾಬಾದಿನ ನಿಮ್ಮ ಮನೆ ನೆನಪಾಗಿ ಇಲ್ಲಿ ಒಬ್ಬಳೇ ಹಾಲು-ಶ್ಯಾವಿಗೆ ಕುದಿಸಿಕೊಂಡೆ. ಅಮ್ಮೀಗೆ ನನ್ನ ಸಲಾಂ ಹೇಳು. ಅಬ್ಬಾ ಇಲ್ಲದ ಎರಡನೆಯ ಈದ್ ಅವರಿಗೆ ಹೇಗೆ ಕಳೆಯಿತೋ.

ಸೋಮವಾರದ ಬಸ್ಸಿನಲ್ಲಿ ನಿಮ್ಮ ಕಚೇರಿಯ ಕಾಗದ ಬಂತು. ಮೂರು ವರ್ಷಗಳಲ್ಲಿ ಯಾವ ಊರಿನಿಂದ ಎಷ್ಟು ಕರೆ ಬಂದಿವೆ ಎಂದು ನೋಡಿ, ಆಂಬುಲೆನ್ಸುಗಳು ಇನ್ನು ಮುಂದೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತೀರಂತೆ. ಕೆಳಗೆ ಅಂಕಿಅಂಶ ಸಹಾಯಕಿ ಎಂದು ನಿನ್ನ ಹೆಸರು. ಸೇಡಂ ಕಾಲೇಜಿನಲ್ಲಿ ನನಗೆ ಗಣಿತ ಹೇಳಿಕೊಟ್ಟು ಪಾಸು ಮಾಡಿಸಿದವಳು ಈಗ ಇಡೀ ಜಿಲ್ಲೆಗೆ ಲೆಕ್ಕ ಹಾಕುತ್ತಿದ್ದಾಳೆ ಎಂದು ಹೆಮ್ಮೆಪಟ್ಟೆ.

ಆದರೆ ಕಾಗದದಲ್ಲಿದ್ದ ಸಂಖ್ಯೆ ನೋಡಿ, ಇಲ್ಲಿ ಶಾಲೆಯ ಪಕ್ಕ ನಿಲ್ಲುವ ನಮ್ಮ ಆಂಬುಲೆನ್ಸೂ ಹೋದೀತೆಂದು ಗಾಬರಿಯಾಯಿತು. ಮೋತಿಗುಡ್ಡ ಮತ್ತು ಸುತ್ತಲಿನ ಎಂಟು ಹಳ್ಳಿ-ತಾಂಡಾಗಳಿಂದ ಬಂದ ಕರೆ 61 ಎಂದಿದೆ. ಕರೆ ಬಂದದ್ದು ಅಷ್ಟೇ ನಿಜ. ಇಲ್ಲಿ ಫೋನು ಹತ್ತಬೇಕಾದರೆ ಗುಡ್ಡ ಏರಿ ನೀರಿನ ಟಾಕಿಯ ಹತ್ತಿರ ನಿಲ್ಲಬೇಕು. ಅದಕ್ಕೇ ತಾನೇ ನಾವಿಬ್ಬರು ಇನ್ನೂ ಅಂಚೆಯಲ್ಲಿ ಮಾತಾಡುವುದು? ಫೋನಿಗಾಗಿ ಗುಡ್ಡ ಏರುವ ಬದಲು ಜನ ಹಾವು ಕಚ್ಚಿದವನನ್ನು ಇಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಒಯ್ಯುತ್ತಾರೆ. ಫಿಟ್ಸ್ ಬಂದ ಮಕ್ಕಳನ್ನು ಟ್ರ್ಯಾಕ್ಟರಿನಲ್ಲಿ ಹಾಕುತ್ತಾರೆ. ಕೆಲವರನ್ನು ಎಲ್ಲಿಗೂ ಒಯ್ಯುವುದಿಲ್ಲ.

ಈ ಉಪಕೇಂದ್ರಕ್ಕೆ ನರ್ಸ್ ಆಗಿ ಬಂದಂದಿನಿಂದ ಅಂಥವರ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಆ ಮೂರು ವರ್ಷಗಳಿಗೆ 188 ಆಗಿವೆ. ಅದರಲ್ಲಿ ತೀರಿಕೊಂಡವರು ಹನ್ನೊಂದು ಜನ. ಇದನ್ನು ನಿನ್ನ ಲೆಕ್ಕಕ್ಕೆ ಸೇರಿಸಲು ಬರುತ್ತದೆಯೇ?

ನಿನ್ನ
ದಾನಮ್ಮ


ಶಹಾಬಾದ
2 ಮೇ 2024

ನನ್ನ ದಾನೂ,

ನಿನ್ನ ಪತ್ರ ಬ್ಯಾಗಿನಲ್ಲಿಟ್ಟುಕೊಂಡು ಮೂರು ದಿನ ಕಚೇರಿಗೆ ಹೋಗಿಬಂದೆ. ಊಟದ ಹೊತ್ತಿಗೆ ತೆಗೆದು ಓದುತ್ತಿದ್ದೆ.

ನಾವು ಮಾಡುವ ಕೆಲಸ ಇಷ್ಟೇ: ಹಿಂದೆ ಎಷ್ಟು ಸಲ ಆಗಿದೆ ಎಂದು ಎಣಿಸಿ, ಮುಂದೆ ಎಷ್ಟು ಸಲ ಆಗಬಹುದೆಂದು ಹೇಳುವುದು. 1096 ದಿನಗಳಲ್ಲಿ 61 ಕರೆ ಎಂದರೆ ಹದಿನೆಂಟು ದಿನಕ್ಕೊಂದು. ಹಾಗಾದರೆ ಬರುವ ವರ್ಷಕ್ಕೆ ಇಪ್ಪತ್ತು. ಇಪ್ಪತ್ತು ಕರೆಗಾಗಿ ಒಂದು ಗಾಡಿಯನ್ನು ಗುಡ್ಡದ ಮೇಲೆ ಯಾಕೆ ನಿಲ್ಲಿಸಬೇಕು ಎಂದು ಯಾರಾದರೂ ಕೇಳುತ್ತಾರೆ. ಆದರೆ ನಾವು ಎಣಿಸಿದ್ದು ಫೋನನ್ನು, ಕಾಯಿಲೆಯನ್ನಲ್ಲ. ನಿನ್ನ 188 ಸೇರಿದರೆ 249 ಆಗುತ್ತದೆ, ವರ್ಷಕ್ಕೆ 83. ನಾಲ್ಕು-ಐದು ದಿನಕ್ಕೊಬ್ಬರು. ಇದನ್ನು ಹೊರಗಿಟ್ಟು ಹೇಳುವ ಭವಿಷ್ಯ ಸುಳ್ಳಾಗುತ್ತದೆ.

ನಿಮ್ಮ ಗಾಡಿಗೆ ಪೈಪೋಟಿ ಇರುವುದು ವಾಡಿ ಕ್ರಾಸಿನದು. ಅಬ್ಬಾ ಬಿದ್ದ ಜಾಗ. ಅಲ್ಲಿಂದ ವರ್ಷಕ್ಕೆ ಸುಮಾರು ನೂರು ಕರೆ. ಆದರೆ ಶಹಾಬಾದ, ಚಿತ್ತಾಪುರದ ಗಾಡಿಗಳು ಅಲ್ಲಿಗೆ ಇಪ್ಪತ್ತು ನಿಮಿಷದಲ್ಲಿ ತಲುಪುತ್ತವೆ, ಗುಡ್ಡಕ್ಕೆ ಬೇರೆ ಯಾವುದೂ ಅಷ್ಟರಲ್ಲಿ ತಲುಪುವುದಿಲ್ಲ. ದೂರವನ್ನೂ ಲೆಕ್ಕಕ್ಕೆ ಹಿಡಿದರೆ ನಿಮ್ಮದೇ ಉಳಿಯುತ್ತದೆ.

ನೋಟುಬುಕ್ಕನ್ನೇ ಕಳಿಸು. ನಕಲು ಮಾಡುತ್ತ ಕೂರಬೇಡ. ಜೊತೆಯಲ್ಲಿ ಒಂದು ದೃಢೀಕರಣದ ನಮೂನೆ ಇಟ್ಟಿದ್ದೇನೆ, ಅದರ ಕೆಳಗೆ ಸಹಿ ಮಾಡಿ ಉಪಕೇಂದ್ರದ ಮೊಹರು ಹಾಕಿ ಕಳಿಸು. ಮೇಲಿನದನ್ನು ನಿನ್ನ ಪುಸ್ತಕ ನೋಡಿ ನಾನು ತುಂಬುತ್ತೇನೆ.

ನಿನ್ನ
ಜಬೀನಾ


ಮೋತಿಗುಡ್ಡ
20 ಮೇ 2024

ಪ್ರೀತಿಯ ಜಬೀನಾ,

ನೋಟುಬುಕ್ಕು, ನಮೂನೆ ಎರಡನ್ನೂ ನಮ್ಮ ಆಂಬುಲೆನ್ಸಿನ ಡ್ರೈವರ್ ಭಗವಂತನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಅಕ್ಕನ ಮನೆ ನಿಮ್ಮ ಊರಿನ ಹತ್ತಿರದ ಭಂಕೂರಿನಲ್ಲಿದೆ, ರಜೆಗೆ ಹೊರಟಿದ್ದಾನೆ. ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ಕಳಿಸುವ ಮೊದಲು ಮನೆಮನೆಗೆ ಹೋಗಿ ಕೇಳಿದೆ. ಇವು ನನಗೆ ನಂಬಿ ಹೇಳಿದ ಮಾತುಗಳು, ಕೇಳದೆ ಹೊರಗೆ ಕೊಡುವುದು ಸರಿ ಅನ್ನಿಸಲಿಲ್ಲ. ಪೀರಮ್ಮ ನಿನಗೆ ಗೊತ್ತಿಲ್ಲ. ಅವಳ ಮಗ ಎರಡು ವರ್ಷದ ಹಿಂದೆ ಹತ್ತಿಗೆ ಹೊಡೆಯುವ ಔಷಧ ಕುಡಿದು ಸತ್ತ. ಊರಿಗೆಲ್ಲ ಜ್ವರ ಎಂದೇ ಹೇಳಿದ್ದಾಳೆ, ನನಗೊಬ್ಬಳಿಗೇ ನಿಜ ಗೊತ್ತು. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು:

"ಅವರು ಓದ್ತಾರೇನ್ರಿ ಸಿಸ್ಟರ್? ಖರೇನ ಓದ್ತಾರೇನು?"

"ನನ್ನ ಗೆಳತಿ ಓದ್ತಾಳ ಪೀರಮ್ಮ. ಆಕಿನ ಕೈಯಾಗೇ ಕೊಡಾಕತ್ತೀನಿ."

"ಹಂಗಿದ್ರ ಖರೇದೇ ಕೊಡ್ರಿ. ನನ್ನ ಮಗ ಲೆಕ್ಕದಾಗರ ಇರ್ಲಿ."

ಹೀಗೆ ಒಬ್ಬೊಬ್ಬರೂ ಒಪ್ಪಿದರು. ಆದ್ದರಿಂದ ಜೋಪಾನ ಜಬೀನಾ. ಅದು ನನ್ನ ಕೈಬರಹವೇ ಹೊರತು ನನ್ನ ಪುಸ್ತಕವಲ್ಲ.

ದಾನಮ್ಮ


ಶಹಾಬಾದ
9 ಜುಲೈ 2024

ದಾನಮ್ಮ,

ತಡವಾಯಿತು. ಕಳೆದ ತಿಂಗಳು ತಮ್ಮ ಆಸಿಮನ ಮದುವೆ. ಅಬ್ಬಾ ಇಲ್ಲವೆಂದು ಎಲ್ಲ ಓಡಾಟ ನನ್ನದೇ. ಕಾಗದ ಹಂಚಲು ಚಿತ್ತಾಪುರ, ವಾಡಿ, ಸೇಡಂ ಸುತ್ತಿದೆ. ನಿನಗೂ ಒಂದು ಹಾಕಿದ್ದೆ, ಸಿಕ್ಕಿತೋ ಇಲ್ಲವೋ.

ವರದಿ ಮೇಲಕ್ಕೆ ಹೋಯಿತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ನೋಟುಬುಕ್ಕು ನನ್ನ ಹತ್ತಿರವೇ ಇದೆ.

ಇಲ್ಲಿ ಬಿಸಿಲು ಇಳಿದಿದೆ. ಗಣಿಗಳ ಫರಸಿ ಕಲ್ಲಿನ ಧೂಳು ಮಳೆಗೆ ಸ್ವಲ್ಪ ಕೂತಿದೆ. ಆರೋಗ್ಯ ನೋಡಿಕೊ.

ಜಬೀನಾ


ಮೋತಿಗುಡ್ಡ
28 ಜುಲೈ 2024

ಪ್ರೀತಿಯ ಜಬೀನಾ,

ಮದುವೆಯ ಕಾಗದ ಸಿಗಲಿಲ್ಲ, ಸಿಕ್ಕಿದ್ದರೆ ಹೇಗಾದರೂ ಬರುತ್ತಿದ್ದೆ. ನಿನ್ನ ಪತ್ರ ಓದಿದರೇ ನೀನು ಎಷ್ಟು ದಣಿದಿದ್ದೀ ಎಂದು ತಿಳಿಯುತ್ತದೆ. ಇಷ್ಟು ಚಿಕ್ಕ ಪತ್ರ ನೀನು ಎಂದೂ ಬರೆದವಳಲ್ಲ. ಮನೆಯ ಭಾರ ಹೊತ್ತು ನಮ್ಮ ವರದಿಯನ್ನೂ ಮುಗಿಸಿದೆಯಲ್ಲ. ಊರವರಿಗೆ ಹೇಳಿದೆ. ಪಂಚಾಯಿತಿ ಸದಸ್ಯ ಶಹಾಬುದ್ದೀನಸಾಬರು, "ನಿಮ್ಮ ಗೆಳತಿ ಭಾಳ ದೊಡ್ಡ ಕೆಲಸ ಮಾಡ್ಯಾರ, ಒಮ್ಮೆ ಕರಕೊಂಡ ಬರ್ರಿ, ನಮ್ಮನ್ಯಾಗ ಊಟ" ಎಂದರು.

ಆಸಿಮ ಮತ್ತು ಹೊಸ ಸೊಸೆಗೆಂದು ಕಾರೆಳ್ಳು ಚಟ್ನಿ ಕುಟ್ಟಿ ಡಬ್ಬಿಯಲ್ಲಿ ಕಳಿಸಿದ್ದೇನೆ. ಅಮ್ಮೀಗೆ ಖಾರ ಹೆಚ್ಚಾದೀತು.

ನಿನ್ನ
ದಾನಮ್ಮ


ಮೋತಿಗುಡ್ಡ
6 ಸೆಪ್ಟೆಂಬರ್ 2024

ಪ್ರೀತಿಯ ಜಬೀನಾ,

ಸೋಮವಾರ ಬೆಳಿಗ್ಗೆ ಗಾಡಿ ಹೋಯಿತು. ಭಗವಂತನಿಗೆ ಆದೇಶ ಬಂದಿತ್ತಂತೆ, ಇನ್ನು ಮೇಲೆ ವಾಡಿ ಕ್ರಾಸಿನಲ್ಲಿ ನಿಲ್ಲಬೇಕೆಂದು. ಅವನು ನನ್ನ ಮುಖ ನೋಡದೆ ಸ್ಟ್ರೆಚರಿನ ಮೇಲಿನ ನಮ್ಮ ಚಾದರ ಮಡಚಿ ಕೊಟ್ಟ.

ನಿನ್ನ ವರದಿಯನ್ನು ಮೇಲೆ ಯಾರೋ ತಿದ್ದಿದ್ದಾರೆ. ಇಲ್ಲವೇ ನಿನ್ನ 249 ಅನ್ನು ಓದದೆ ಹಳೆಯ 61 ಅನ್ನೇ ಹಿಡಿದಿದ್ದಾರೆ. ನಿನಗೆ ಇದು ಗೊತ್ತಾಗಿದೆಯೋ ಇಲ್ಲವೋ, ಬೇಗ ವಿಚಾರಿಸು. ನಿನ್ನ ಹೆಸರಿನ ವರದಿಗೆ ಹೀಗೆ ಮಾಡಿದ್ದು ನಿನಗೂ ಅವಮಾನ. ಜಗಳ ಆಡಬೇಕಾದರೆ ನಾನೂ ಬರುತ್ತೇನೆ, ಒಂದು ದಿನದ ರಜೆ ಹಾಕಿದರಾಯಿತು.

ಈಗ ಗಾಡಿ ಚಿಂಚೋಳಿಯಿಂದ ಬರಬೇಕು. ಅದು ಹೊರಗೆ ಹೋಗಿದ್ದರೆ ಸೇಡಂದಿಂದ. ನಾಲ್ಕು ಜನ ಬಸುರಿಯರು ಈ ತಿಂಗಳು ದಿನ ತುಂಬಿದವರಿದ್ದಾರೆ.

ಕೂಡಲೇ ಬರಿ.

ದಾನಮ್ಮ


ಮೋತಿಗುಡ್ಡ
3 ಅಕ್ಟೋಬರ್ 2024

ಜಬೀನಾ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಸಿಕ್ಕಿಲ್ಲವೇನೋ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ?

ಕಳೆದ ಶನಿವಾರ ಭೀಮಬಾಯಿಯ ಮಗಳು ದೇವಿಕಾ ತೀರಿಕೊಂಡಳು. ಇಪ್ಪತ್ತಮೂರು ವರ್ಷ. ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಹೆಣ್ಣುಮಗು ಹುಟ್ಟಿತು, ಮಗು ಚೆನ್ನಾಗಿದೆ. ಆಮೇಲೆ ರಕ್ತ ನಿಲ್ಲಲಿಲ್ಲ. ನನ್ನಲ್ಲಿದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದೆ, ಸಲೈನ್ ಹಚ್ಚಿದೆ. ಗಂಡ ಲಕ್ಷ್ಮಿಕಾಂತ ಗುಡ್ಡದ ಮೇಲೆ ಓಡಿ ಫೋನು ಮಾಡಿದ. ಚಿಂಚೋಳಿಯ ಗಾಡಿ ಕಲಬುರಗಿಗೆ ಹೋಗಿತ್ತು. ಸೇಡಂದಿಂದ ಕಳಿಸುತ್ತೇವೆ ಎಂದರು.

ಶಹಾಬುದ್ದೀನಸಾಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಭೀಮಬಾಯಿ ಕೇಳಿದಳು: "ಸಿಸ್ಟರ್, ಟ್ರ್ಯಾಕ್ಟರ್‌ನ್ಯಾಗ ಒಯ್ಯೋಣೇನು?" ಆ ದಾರಿಯ ಕುಲುಕಾಟದಲ್ಲಿ ಹೊಟ್ಟೆಯ ಮೇಲಿಂದ ಕೈ ಎತ್ತಬೇಕಾಗುತ್ತದೆ ಎಂದು ನಾನು ಬೇಡವೆಂದೆ. "ಗಾಡಿ ಬರಾಕತ್ತದ, ಕಾಯೋಣು" ಎಂದೆ. ಕಾಯೋಣ ಎಂದವಳು ನಾನು ಜಬೀನಾ. ಒಂದೂ ಐವತ್ತಕ್ಕೆ ಅವಳ ಕೈ ತಣ್ಣಗಾಯಿತು. ಗಾಡಿ ಬಂದದ್ದು ಎರಡೂ ಇಪ್ಪತ್ತೈದಕ್ಕೆ.

ನೀನು ಲೆಕ್ಕ ಬಲ್ಲವಳು. ಟ್ರ್ಯಾಕ್ಟರಿನಲ್ಲಿ ಒಯ್ದಿದ್ದರೆ ಬದುಕುವ ಸಾಧ್ಯತೆ ಎಷ್ಟಿತ್ತು ಎಂದು ನನಗೆ ಹೇಳು.

ದಾನಮ್ಮ


ಶಹಾಬಾದ
11 ಅಕ್ಟೋಬರ್ 2024

ದಾನಮ್ಮ,

ಎರಡೂ ಪತ್ರ ಸಿಕ್ಕಿವೆ. ದೇವಿಕಾಳ ವಿಷಯ ಓದಿ ಎರಡು ದಿನ ಕಚೇರಿಗೆ ಹೋಗಲಿಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಸಂಭವನೀಯತೆ ಎನ್ನುವುದು ಸಾವಿರ ಸಲ ಆಗುವುದರ ಬಗ್ಗೆ ಹೇಳುತ್ತದೆ, ಒಬ್ಬಳ ಬಗ್ಗೆ ಏನೂ ಹೇಳುವುದಿಲ್ಲ. ಗಾಡಿ ಮೋತಿಗುಡ್ಡದಲ್ಲೇ ಇದ್ದಿದ್ದರೂ ದಾರಿಯಲ್ಲಿ ಏನಾಗುತ್ತಿತ್ತೋ ಯಾರು ಬಲ್ಲರು. ಒಂದು ಘಟನೆಯಿಂದ ಇಡೀ ವ್ಯವಸ್ಥೆ ತಪ್ಪು ಎಂದು ಹೇಳಲಾಗದು. ನೀನು ನಿನ್ನನ್ನು ಹಳಿದುಕೊಳ್ಳಬೇಡ. ಯಾರನ್ನೂ ಹಳಿಯಬೇಡ.

ವರದಿಯ ವಿಷಯ ವಿಚಾರಿಸುತ್ತೇನೆ.

ಜಬೀನಾ


ಮೋತಿಗುಡ್ಡ
2 ನವೆಂಬರ್ 2024

ಜಬೀನಾ ಬೇಗಂ ಅವರಿಗೆ,

ನೀವು ವಿಚಾರಿಸುವ ಅಗತ್ಯವಿಲ್ಲ. ಶಹಾಬುದ್ದೀನಸಾಬರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ವರದಿಯ ಪ್ರತಿ ತರಿಸಿದರು. ಮೊನ್ನೆ ಪಂಚಾಯಿತಿ ಕಟ್ಟೆಯಲ್ಲಿ ಎಲ್ಲರ ಮುಂದೆ ಓದಿದರು. ನಾನೇ ಓದಲು ಹೇಳಿದ್ದೆ, ಮೇಲಿನವರ ತಪ್ಪು ಹೊರಬೀಳಲಿ ಎಂದು.

ಹದಿನಾಲ್ಕನೆಯ ಪುಟದಲ್ಲಿ ನನ್ನ ಸಹಿ, ನನ್ನ ಮೊಹರು. ಅದರ ಮೇಲೆ ಹೀಗಿದೆ: "ಕ್ಷೇತ್ರ ಪರಿಶೀಲನೆ ಮಾಡಲಾಗಿದೆ. ಕರೆ ದಾಖಲಾಗದ ಪ್ರಕರಣಗಳು ಈ ಭಾಗದಲ್ಲಿ ಗಮನಾರ್ಹವಾಗಿಲ್ಲ. 61 ಎಂಬ ಸಂಖ್ಯೆ ಸರಿಯಾಗಿದೆ. ದಾನಮ್ಮ, ನರ್ಸ್."

ಸಾಬರು ಓದುತ್ತ ಅಲ್ಲಿಗೆ ನಿಂತುಬಿಟ್ಟರು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಅದು ನಿಮ್ಮ ಅಕ್ಷರ ಎಂದು ನನಗೆ ಗೊತ್ತು. ಅದೇ ಅಕ್ಷರದಲ್ಲಿ ನೀವು ನನ್ನ ಗಣಿತದ ಪುಸ್ತಕದಲ್ಲಿ ಸರಿ, ತಪ್ಪು ಹಾಕಿದ್ದಿರಿ. ಊರಿಗೆ ಅದು ಹೇಗೆ ಗೊತ್ತಾಗಬೇಕು?

ಭೀಮಬಾಯಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ನಮ್ಮ ಮನಿ ಮಾತೆಲ್ಲಾ ಬರಕೊಂಡು ಹೋಗಿ, ಏನೂ ಆಗಿಲ್ಲ ಅಂತ ಸಹಿ ಮಾಡಿದೇನು ಸಿಸ್ಟರ್? ಗಾಡಿ ಕಳಿಸಿದಾಕಿ ನೀನೇ. ಮತ್ತ ಕಾಯೋಣು ಅಂದಾಕಿನೂ ನೀನೇ" ಎಂದಳು. ಜೋರಾಗಿ ಅನ್ನಲಿಲ್ಲ. ಪೀರಮ್ಮ ಎದ್ದು ಹೋದಳು.

ಖಾಲಿ ನಮೂನೆಗೆ ಸಹಿ ಮಾಡಿದ್ದು ನನ್ನ ತಪ್ಪು. ಬೇರೆ ಯಾರೇ ಕೇಳಿದ್ದರೂ ಮಾಡುತ್ತಿರಲಿಲ್ಲ.

ಯಾಕೆ ಎಂದು ಒಂದು ಸಲ ಬರೆಯಿರಿ. ನೋಟುಬುಕ್ಕು ವಾಪಸು ಕಳಿಸಿರಿ.

ದಾನಮ್ಮ


ಶಹಾಬಾದ
14 ನವೆಂಬರ್ 2024

ದಾನಮ್ಮ,

ನೋಟುಬುಕ್ಕು ರಿಜಿಸ್ಟರ್ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಯಾರೂ ನನ್ನಿಂದ ಬಲವಂತವಾಗಿ ಬರೆಸಲಿಲ್ಲ. ನಮ್ಮ ಮೇಲಧಿಕಾರಿ ರಮೇಶಕುಮಾರ ಅವರಿಗೆ ನಿನ್ನ ಪುಸ್ತಕ ತೋರಿಸಿದ್ದೆ. ಅವರು, "ನರ್ಸ್ ದೃಢೀಕರಿಸಿದ್ರ ಸೇರಸ್ರಿ, ನಂದೇನು ತಕರಾರಿಲ್ಲ. ವರದಿ ನಿಮ್ದು" ಎಂದರು. ನಾನು ಸೇರಿಸಿ ಲೆಕ್ಕ ಮಾಡಿದೆ. ನಿಮ್ಮ ಗಾಡಿ ಉಳಿಯುತ್ತಿತ್ತು, ವಾಡಿಗೆ ಬರುತ್ತಿರಲಿಲ್ಲ. ಆ ಹಾಳೆ ನೋಡುತ್ತ ಕುಳಿತೆ. ಆಮೇಲೆ ಅದನ್ನು ತೆಗೆದು, 61ರ ಹಾಳೆಯನ್ನೇ ಇಟ್ಟೆ. ನಿನ್ನ ಸಹಿಯ ಮೇಲೆ ನಾನೇ ಬರೆದೆ.

ಅಬ್ಬಾ ವಾಡಿ ಕ್ರಾಸಿನಲ್ಲಿ ಲಾರಿ ತಾಗಿ ಬಿದ್ದಾಗ ಐವತ್ತೈದು ನಿಮಿಷ ರಸ್ತೆಯ ಮೇಲಿದ್ದರು. ಶಹಾಬಾದ, ಚಿತ್ತಾಪುರ ಎರಡೂ ಕಡೆಯ ಗಾಡಿಗಳು ಆ ದಿನ ಹೊರಗೆ ಹೋಗಿದ್ದವು. ಆಸಿಮ ತಲೆ ಹಿಡಿದಿದ್ದ, ನಾನು ಮೈಮೇಲೆ ಬಿಸಿಲು ಬೀಳದಂತೆ ದುಪಟ್ಟಾ ಹಿಡಿದು ನಿಂತಿದ್ದೆ. ಇವರು ಫರಸಿ ಕಲ್ಲಿನ ಮಜೀದಸಾಬರು ಎಂದು ಜನ ಅಬ್ಬಾನ ಗುರುತು ಹಿಡಿಯುತ್ತಿದ್ದರು, ಅಷ್ಟೇ. ಎರಡೂ ಗಾಡಿ ಒಟ್ಟಿಗೆ ಹೊರಗಿರುವ ಸಾಧ್ಯತೆ ಬಹಳ ಕಡಿಮೆ ಎಂದು ನನ್ನ ಲೆಕ್ಕವೇ ಹೇಳುತ್ತದೆ. ಅದು ನಮ್ಮ ಅಬ್ಬಾಗೇ ಆಯಿತು. ಆ ಜಾಗದಲ್ಲಿ ಒಂದು ಗಾಡಿ ನಿಂತದ್ದನ್ನು ನಾನು ನೋಡಬೇಕಿತ್ತು. ಗುಡ್ಡದವರಿಗೆ ಏನೂ ಆಗಲಿಕ್ಕಿಲ್ಲ, ಒಂದು ವರ್ಷ ಕಳೆಯಲಿ, ಆಮೇಲೆ ನಿಮ್ಮದನ್ನೂ ಕೇಳಿ ತರೋಣ ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ವಾಡಿಗೆ ಬಂದ ಮೇಲೆ ಹದಿನಾಲ್ಕು ಜನ ಸಮಯಕ್ಕೆ ಆಸ್ಪತ್ರೆ ಸೇರಿದ್ದಾರೆ. ಅವರನ್ನೂ ಎಣಿಸುತ್ತಿದ್ದೆ. ದೇವಿಕಾಳ ಎದುರು ಇಟ್ಟು ನೋಡಲು.

ಹಳಿಯಬೇಡ ಎಂದು ಬರೆದದ್ದು ನಿನ್ನನ್ನು ಸಮಾಧಾನಪಡಿಸಲು ಅಲ್ಲ. ನನ್ನನ್ನು ಉಳಿಸಿಕೊಳ್ಳಲು.

ನಿನ್ನೆ ಎಲ್ಲವನ್ನೂ ಬರೆದು ಕಚೇರಿಗೆ ಕೊಟ್ಟೆ. ಹದಿನಾಲ್ಕನೆಯ ಪುಟದ ಬರಹ ನನ್ನದು, ದಾನಮ್ಮನಿಗೆ ಅದು ಗೊತ್ತಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಅದರ ಪ್ರತಿ ಇದರ ಜೊತೆಗಿದೆ, ಊರವರ ಮುಂದೆ ಓದು. ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅದಕ್ಕೆ ನಾನು ಅತ್ತಿಲ್ಲ. ನೀನು ‘ನೀವು’ ಎಂದು ಬರೆದದ್ದಕ್ಕೆ ಅತ್ತೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಜಬೀನಾ


ಮೋತಿಗುಡ್ಡ
9 ಜನವರಿ 2025

ಜಬೀನಾ,

ಡಿಸೆಂಬರಿನಲ್ಲಿ ಕಚೇರಿಯಿಂದ ಮೂವರು ಬಂದು ಹನ್ನೊಂದು ದಿನ ಇಲ್ಲಿದ್ದರು. ನನ್ನ ನೋಟುಬುಕ್ಕು ಒಬ್ಬಳದೇ ಬರಹ, ಅದನ್ನು ಹಾಗೇ ನಂಬಲಾಗದು ಎಂದು ಮನೆಮನೆಗೆ ಹೋಗಿ ಮತ್ತೆ ಎಣಿಸಿದರು. ಅವರು ಹೇಳಿದ್ದು ಸರಿಯೇ. ಆದರೆ ಈ ಸಲ ಕರೆಯಿಲ್ಲದೆ ಹೋದವರು 142 ಜನ ಮಾತ್ರ ಸಿಕ್ಕರು. 46 ಜನ ಲೆಕ್ಕದಿಂದ ಇಲ್ಲವಾಗಿದ್ದಾರೆ. ಅವರೊಂದಿಗೆ ಪೀರಮ್ಮನ ಮನೆಗೂ ಹೋಗಿದ್ದೆ. ಅವಳು ಅರ್ಧ ಬಾಗಿಲು ತೆರೆದು, "ಮಗ ಜ್ವರ ಬಂದು ಹೋದ್ನಲ್ರಿ. ಮತ್ತೇನೂ ಆಗಿಲ್ರಿ ನಮ್ಮನ್ಯಾಗ" ಎಂದಳು. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು. ಬಂದವರು ಹಾಗೆಯೇ ಬರೆದುಕೊಂಡರು. ಹೀಗೆ ಹಲವರು. ಇನ್ನು ಮುಂದೆ ಈ ಗುಡ್ಡದ ಬಗ್ಗೆ ಯಾರು ಯಾವ ಅಂದಾಜು ಮಾಡಿದರೂ ಆ 46 ಜನರನ್ನು ಬಿಟ್ಟೇ ಮಾಡುತ್ತಾರೆ.

ಆ 142ರ ಲೆಕ್ಕಕ್ಕೇ ಗಾಡಿ ವಾಪಸು ಬಂತು. ಕಳೆದ ಗುರುವಾರದಿಂದ ಶಾಲೆಯ ಪಕ್ಕ ನಿಲ್ಲುತ್ತಿದೆ. ವಾಡಿಯಿಂದಲೇ ತೆಗೆದು ತಂದರೆಂದು ಭಗವಂತ ಹೇಳಿದ. ಆ ದಿನ ಊಟ ಮಾಡುತ್ತ ವಾಡಿ ಕ್ರಾಸಿನ ಜನರ ಬಗ್ಗೆ ಯೋಚಿಸಿದೆ. ನಿಮ್ಮ ಅಬ್ಬಾನ ಬಗ್ಗೆಯೂ. ನಿನ್ನ ಮನಸ್ಸಿನಲ್ಲಿ ಹೀಗಿದೆ ಎಂದು ನೀನು ಮೇ ತಿಂಗಳಲ್ಲೇ ನನಗೆ ಬರೆದಿದ್ದರೆ ನಾವಿಬ್ಬರೂ ಕೂಡಿ ಎರಡು ಗಾಡಿ ಕೇಳುತ್ತಿದ್ದೆವು. ಸಿಗುತ್ತಿತ್ತೋ ಇಲ್ಲವೋ, ಕೇಳಬಹುದಿತ್ತು.

ನೀನು ಬರೆದುಕೊಟ್ಟದ್ದನ್ನು ಶಹಾಬುದ್ದೀನಸಾಬರು ಕಟ್ಟೆಯಲ್ಲಿ ಓದಿದರು. ಭೀಮಬಾಯಿ ಬಂದಿರಲಿಲ್ಲ. ನಾನೇ ಅವಳ ಮನೆಗೆ ಹೋಗಿ ಓದಿದೆ. ಕೂಸಿಗೆ ಎಣ್ಣೆ ಹಚ್ಚುತ್ತ ಕೇಳಿದಳು. ಮುಗಿದ ಮೇಲೆ, "ನಿನ್ನ ಮ್ಯಾಲ ತಪ್ಪು ತಿಳಕೊಂಡಿದ್ದೆ ಸಿಸ್ಟರ್, ಮನಸಿಗಿ ಹಚ್ಕೋಬ್ಯಾಡ" ಎಂದಳು. ಕೂಸನ್ನು ಬೋರಲು ಹಾಕಿಕೊಂಡು, "ಆಕಿ ನಿನಗ ಏನಾಗಬೇಕು?" ಎಂದು ಕೇಳಿದಳು.

"ಸೇಡಂದಾಗ ಕೂಡಿ ಓದಿದ್ವಿ" ಎಂದೆ. ಅಷ್ಟೇ ಹೇಳಿದೆ.

ಕ್ಷಮಿಸು ಎಂದು ಕೇಳಿದ್ದೀ. ಕ್ಷಮಿಸಬೇಕಾದವಳು ನಾನೊಬ್ಬಳೇ ಆಗಿದ್ದರೆ ಸುಲಭವಾಗುತ್ತಿತ್ತೋ ಏನೋ. ಅಮ್ಮೀಯನ್ನು ಚೆನ್ನಾಗಿ ನೋಡಿಕೊ.

ಇನ್ನು ನನಗೆ ಪತ್ರ ಬರೆಯಬೇಡ. ಬರೆದರೆ ಒಡೆದು ಓದುತ್ತೇನೆ. ಓದಿದರೆ ಉತ್ತರ ಬರೆಯಬೇಕೆನ್ನಿಸುತ್ತದೆ. ಅದಕ್ಕೇ ಬೇಡ ಎನ್ನುತ್ತಿದ್ದೇನೆ.

ದಾನಮ್ಮ